ಈ ಕ್ಲಬ್ಬಿನ ಯಜಮಾನರು ಯಾರು? ಬ್ರಿಟನ್ನಿನ ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಬ್ರಿಟನ್ ಸರ್ಕಾರದ ಸಂಸ್ಕೃತಿ, ಮಾಧ್ಯಮ ಮತ್ತು ಕ್ರೀಡಾ ಸಚಿವರಿಗೆ ನಮಸ್ಕಾರಗಳು.

ನಾನು ನ್ಯೂಕ್ಯಾಸಲ್‌ನಲ್ಲಿ ನೆಲೆಸಿರುವ ಕನ್ನಡಿಗ, ಇಲ್ಲಿನ ನ್ಯೂಕ್ಯಾಸಲ್ ಯುನೈಟೆಡ್ ಫುಟ್‌ಬಾಲ್ ತಂಡದ ಅಭಿಮಾನಿ. 2025ರ ಮಾರ್ಚ್‌ನಲ್ಲಿ ವೆಂಬ್ಲಿಯಲ್ಲಿ ಲಿವರ್‌ಪೂಲನ್ನು 2-1ರಿಂದ ಸೋಲಿಸಿ ಲೀಗ್ ಕಪ್ ಗೆದ್ದಾಗ ಊರಿಗೆ ಊರೇ ಕುಣಿಯಿತು. 1955ರ ನಂತರ ದೇಶದೊಳಗೆ ಗೆದ್ದ ಮೊದಲ ದೊಡ್ಡ ಕಪ್ ಅದು. ನಾನೂ ಕುಣಿದೆ. ಹಾಗಾಗಿ ಈ ಪತ್ರವನ್ನು ಎದುರಾಳಿಗಳ ಹೊಟ್ಟೆಕಿಚ್ಚು ಅಂದುಕೊಳ್ಳಬೇಡಿ.

2021ರ ಅಕ್ಟೋಬರ್‌ನಲ್ಲಿ ನಮ್ಮ ಕ್ಲಬ್ಬು ಸುಮಾರು 30.5 ಕೋಟಿ ಪೌಂಡಿಗೆ ಮಾರಾಟವಾಯಿತು. ಶೇ 80ರಷ್ಟು ಪಾಲು ಸೌದಿಯ ಸಾರ್ವಜನಿಕ ಹೂಡಿಕೆ ನಿಧಿಯಾದ ಪಬ್ಲಿಕ್ ಇನ್ವೆಸ್ಟ್‌ಮೆಂಟ್ ಫಂಡ್‌ಗೆ ಹೋಯಿತು. ಆ ಫಂಡಿನ ಅಧ್ಯಕ್ಷರು ಯುವರಾಜ ಮೊಹಮ್ಮದ್ ಬಿನ್ ಸಲ್ಮಾನ್. ಆದರೂ ಸೌದಿ ಸರ್ಕಾರ ಕ್ಲಬ್ಬನ್ನು ನಿಯಂತ್ರಿಸುವುದಿಲ್ಲ, ಕಾನೂನುಬದ್ಧ ಭರವಸೆ ಸಿಕ್ಕಿದೆ ಎಂದು ಇಂಗ್ಲೆಂಡಿನ ಅಗ್ರ ಫುಟ್‌ಬಾಲ್ ಟೂರ್ನಿ ನಡೆಸುವ ಪ್ರೀಮಿಯರ್ ಲೀಗ್ ಹೇಳಿತು. ತಪ್ಪಿದರೆ ಮಾಲೀಕರನ್ನು ಹೊರಗೆ ಹಾಕಬಹುದು ಎಂದೂ ಅದರ ಮುಖ್ಯಸ್ಥರು ಹೇಳಿದರು. ಭರವಸೆಯಲ್ಲಿ ಏನಿದೆ ಅಂತ ಮಾತ್ರ ನಮಗೆ ಯಾರೂ ತೋರಿಸಲಿಲ್ಲ.

2023ರಲ್ಲಿ ಈ ಫಂಡ್ ದುಡ್ಡು ಹಾಕಿದ್ದ ಗಾಲ್ಫ್ ಲೀಗಿನ ವ್ಯಾಜ್ಯವೊಂದು ಅಮೆರಿಕದ ಕೋರ್ಟಿನಲ್ಲಿ ನಡೆಯುತ್ತಿತ್ತು. ದಾಖಲೆ ಕೊಡಿ ಎಂದಾಗ ಇದೇ ಫಂಡಿನ ವಕೀಲರು ಹೇಳಿದ್ದೇನು ಗೊತ್ತೇ? ಫಂಡ್ ಸೌದಿ ಪ್ರಭುತ್ವದ ಅಂಗ, ಅದರ ಗವರ್ನರ್ ಯಾಸಿರ್ ಅಲ್ ರುಮಯ್ಯಾನ್ ಸರ್ಕಾರದ ಹಾಲಿ ಸಚಿವರು, ಆದ್ದರಿಂದ ವಿನಾಯಿತಿ ಬೇಕು ಅಂತ. ಅಲ್ ರುಮಯ್ಯಾನ್ ನಮ್ಮ ಕ್ಲಬ್ಬಿನ ಚೇರ್ಮನ್ ಕೂಡ. ಅಲ್ಲಿ ಸರ್ಕಾರ, ಇಲ್ಲಿ ಸುಮ್ನೆ ಹೂಡಿಕೆದಾರರು. ಎರಡೂ ಹೇಗೆ ನಿಜವಾಗುತ್ತದೆ?

ಕಣ್ಣಿಗೆ ಕಾಣುವ ಗುರುತುಗಳೂ ಇವೆ. ನಮ್ಮದು ಕಪ್ಪು-ಬಿಳಿ ಪಟ್ಟೆಯ ಜೆರ್ಸಿ. 2022ರಲ್ಲಿ ಬಂದ ಬದಲಿ ಜೆರ್ಸಿ ಬಿಳಿ-ಹಸಿರು, ಥೇಟ್ ಸೌದಿ ರಾಷ್ಟ್ರೀಯ ತಂಡದ್ದೇ. ಮರುವರ್ಷ ಸೆಪ್ಟೆಂಬರ್‌ನಲ್ಲಿ ಆ ತಂಡವೇ ಬಂದು ನಮ್ಮ ಕ್ಲಬ್ಬಿನ ಮೈದಾನವಾದ ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಎರಡು ಸ್ನೇಹಪರ ಪಂದ್ಯ ಆಡಿತು. (ಎರಡರಲ್ಲೂ ಸೋತಿತು, ಅದು ಬೇರೆ ಮಾತು.)

2022ರ ಮಾರ್ಚ್ 12ರಂದು ಸೌದಿ ಒಂದೇ ದಿನ 81 ಜನರಿಗೆ ಮರಣದಂಡನೆ ಕೊಟ್ಟಿತು. ಮರುದಿನ ನಮಗೆ ಚೆಲ್ಸಿ ಜೊತೆ ಪಂದ್ಯ. ಮುಗಿದ ಮೇಲೆ ಪತ್ರಕರ್ತರು ಕೋಚ್ ಎಡ್ಡಿ ಹೌ ಅವರನ್ನು ಆ ಬಗ್ಗೆ ಕೇಳಿದರು. ಆಟದ ಬಗ್ಗೆ ಮಾತ್ರ ಉತ್ತರಿಸುತ್ತೇನೆ ಎಂದರು ಅವರು. ಅವರನ್ನು ಬೈಯಲು ನನಗೆ ಮನಸ್ಸು ಬರುವುದಿಲ್ಲ. ಆ ಪ್ರಶ್ನೆ ಹೋಗಬೇಕಿದ್ದದ್ದು ನಿಮ್ಮ ಇಲಾಖೆಗೆ. ಅದೇ ವರ್ಷ ಆಗಸ್ಟ್‌ನಲ್ಲಿ ಲೀಡ್ಸ್‌ನಲ್ಲಿ ಪಿಎಚ್.ಡಿ ಮಾಡುತ್ತಿದ್ದ ಸೌದಿ ಮಹಿಳೆಯೊಬ್ಬರಿಗೆ ಬರೀ ಟ್ವೀಟ್‌ಗಳಿಗಾಗಿ ಸೌದಿ ಕೋರ್ಟ್ 34 ವರ್ಷ ಜೈಲು ವಿಧಿಸಿತು. ಶಿಕ್ಷೆ ಆಮೇಲೆ ಇಳಿಯಿತು, ಅವರು ಬಿಡುಗಡೆಯೂ ಆದರು. ಲೀಡ್ಸ್ ಇಲ್ಲಿಂದ ದೂರವೇನಿಲ್ಲ.

ಸೌದಿ ಜನರ ಮೇಲೆ ನನಗೆ ಸಿಟ್ಟಿಲ್ಲ. ಮಂಗಳೂರು, ಉಡುಪಿ, ಭಟ್ಕಳದ ಕಡೆಯ ಎಷ್ಟೋ ಮನೆಗಳು ಅಲ್ಲಿನ ದುಡಿಮೆಯಿಂದ ಎದ್ದಿವೆ. ಹಿಂದಿನ ಮಾಲೀಕ ಮೈಕ್ ಆ್ಯಶ್ಲಿ ಮತ್ತೆ ಬರಲಿ ಅಂತಲೂ ಹೇಳುತ್ತಿಲ್ಲ, ದೇವರಾಣೆ! ಆದರೆ ಆಟ ನೋಡಿ ಖುಷಿಪಡುವ ನಮ್ಮನ್ನು ಒಂದು ಸರ್ಕಾರದ ಮಸಿ ತೊಳೆಯುವ ಕೆಲಸಕ್ಕೆ ಬಳಸಿಕೊಳ್ಳುತ್ತಿದ್ದರೆ, ಅದನ್ನು ತಿಳಿಯುವ ಹಕ್ಕು ನಮಗಿದೆ ಅಲ್ವಾ?

2025ರ ಫುಟ್‌ಬಾಲ್ ಆಡಳಿತ ಕಾಯ್ದೆಯಿಂದ ಸ್ವತಂತ್ರ ನಿಯಂತ್ರಕ ಸಂಸ್ಥೆ ಬಂದಿದೆ. ಮಾಲೀಕರನ್ನು ಒಪ್ಪುವಾಗ ಸರ್ಕಾರದ ವಿದೇಶಾಂಗ, ವ್ಯಾಪಾರ ನೀತಿಯನ್ನು ಗಮನಿಸಬೇಕು ಎಂದು ಹಳೆಯ ಮಸೂದೆಯಲ್ಲಿದ್ದ ಸಾಲನ್ನು ನಿಮ್ಮ ಸರ್ಕಾರ ತೆಗೆದುಹಾಕಿತು. ಒಳ್ಳೆಯದೇ ಮಾಡಿದಿರಿ. ಹಾಲಿ ಮಾಲೀಕರ ಬಗ್ಗೆ ಅನುಮಾನ ಬಂದರೆ ಅವರನ್ನೂ ಪರೀಕ್ಷಿಸುವ ಅಧಿಕಾರ ಆ ಸಂಸ್ಥೆಗಿದೆ. ಅಮೆರಿಕದ ಕೋರ್ಟಿನ ಕಾಗದಕ್ಕಿಂತ ಜಾಸ್ತಿ ಅನುಮಾನ ಇನ್ನೇನು ಬೇಕು?

2021ರ ಆ ಭರವಸೆ ಪತ್ರವನ್ನು ಪ್ರಕಟಿಸಲು ಪ್ರೀಮಿಯರ್ ಲೀಗ್‌ಗೆ ಬಹಿರಂಗವಾಗಿ ಹೇಳಿ. ವ್ಯಾಪಾರದ ಗುಟ್ಟುಗಳಿದ್ದರೆ ಆ ಸಾಲುಗಳಿಗೆ ಕಪ್ಪು ಬಳಿದೇ ಕೊಡಲಿ. ಮಾತು ತಪ್ಪಿದ್ದಾರೋ ಇಲ್ಲವೋ ಎಂದು ನೋಡುವವರು ಯಾರು, ಕೊನೆಯ ಸಲ ನೋಡಿದ್ದು ಯಾವಾಗ, ಅಷ್ಟು ಓದಲು ಸಿಕ್ಕರೆ ಸಾಕು.

ಇಂತಿ,
ನ್ಯೂಕ್ಯಾಸಲ್ ಯುನೈಟೆಡ್ ಅಭಿಮಾನಿ