ದಾಖಲೆಯಲ್ಲಿ ಇಲ್ಲದ ದಾರಿಯನ್ನು ಸವರಿಸಿ ಕೊಡಿ: ವಲಯ ಅರಣ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ವಲಯ ಅರಣ್ಯಾಧಿಕಾರಿಗಳೇ,

ನಮಸ್ಕಾರ. ಮೂರು ಅರ್ಜಿ ಬರೆದೆ, ಒಂದಕ್ಕೆ ಉತ್ತರ ಬಂತು. ‘ಸದರಿ ಕಾಲುದಾರಿಯು ಈ ಕಚೇರಿಯ ದಾಖಲೆಗಳಲ್ಲಿ ಇರುವುದಿಲ್ಲ’ ಎಂಬ ಒಂದು ಸಾಲು, ಕೆಳಗೆ ಮೊಹರು, ಸಹಿ. ಆದ್ದರಿಂದ ನಾಲ್ಕನೆಯದನ್ನು ಊರೆಲ್ಲ ಓದಲಿ ಎಂದು ಬರೆಯುತ್ತಿದ್ದೇನೆ. ನಿಮ್ಮ ಹೆಸರನ್ನು ಹಾಕಿಲ್ಲ, ಅದು ಮರ್ಯಾದೆಗೆ. ದಾರಿಯ ಹೆಸರನ್ನೂ ಹಾಕಿಲ್ಲ, ಅದು ಭಯಕ್ಕೆ. ಹಾಕಿದರೆ ಮುಂದಿನ ಭಾನುವಾರ ಇನ್ನೂ ಇಪ್ಪತ್ತು ಬೈಕುಗಳು ನಮ್ಮ ಅಂಗಳದಲ್ಲಿ ನಿಲ್ಲುತ್ತವೆ. ಶಿರಸಿಯಿಂದ ಕುಮಟೆಯ ಕಡೆಗೆ ಘಟ್ಟ ಇಳಿಯುವ ಅಂಚಿನಲ್ಲಿ, ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟ ದಾಟಿ, ಹಳ್ಳ ಹಾಯ್ದು ಅಬ್ಬಿಗೆ, ಅಂದರೆ ಜಲಪಾತಕ್ಕೆ, ಹೋಗುವ ದಾರಿ ಎಂದರೆ ನಿಮಗೆ ಗೊತ್ತಾಗುತ್ತದೆ. ದಾಖಲೆಯಲ್ಲಿ ಇಲ್ಲದಿದ್ದರೂ ಗೊತ್ತಾಗುತ್ತದೆ.

ನನ್ನ ಬೇಡಿಕೆ ದೊಡ್ಡದಲ್ಲ. ಆ ದಾರಿಯನ್ನು ವರ್ಷಕ್ಕೊಮ್ಮೆ ಸವರಿಸಿ, ಅಂದರೆ ಪೊದೆ ಕಡಿಸಿ. ಹಳ್ಳಕ್ಕೆ ಗಟ್ಟಿಯಾದ ಒಂದು ಕಾಲುಸಂಕ ಹಾಕಿಸಿ. ಕವಲಿನಲ್ಲಿ ಒಂದು ಬಾಣದ ಗುರುತು ನೆಡಿಸಿ.

ನನ್ನ ಅಜ್ಜ ಇದೇ ದಾರಿಯಲ್ಲಿ ಅಡಿಕೆ ಹೊತ್ತು ಕುಮಟೆಯ ಪೇಟೆಗೆ ಇಳಿದು, ಉಪ್ಪು ಹೊತ್ತು ಹತ್ತಿದವರು. ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟ ಎಂದು ಬ್ರಿಟಿಷರ ಕಾಲದಲ್ಲೇ ಬರೆದುಕೊಟ್ಟ ಸರಕಾರಕ್ಕೆ, ಆ ಬೆಟ್ಟಕ್ಕೆ ಜನ ಹಾರಿಕೊಂಡು ಹೋಗುವುದಿಲ್ಲ ಎಂಬುದು ಹೊಳೆದಿರಲಿಕ್ಕಿಲ್ಲ. ಈಗ ಸೊಪ್ಪಿಗೆ ಹೋಗುವುದು ನಾವು ಎರಡು ಮನೆಯವರು ಮಾತ್ರ. ಅಬ್ಬಿಗೆ ಹೋಗುವವರಿಗೆ ಲೆಕ್ಕವಿಲ್ಲ. ಯಾರೋ ಪುಣ್ಯಾತ್ಮ ಮೊಬೈಲ್ ನಕ್ಷೆಯಲ್ಲಿ ಚುಕ್ಕಿ ಇಟ್ಟ. ನಿಮ್ಮ ಕಡತದಲ್ಲಿ ಇಲ್ಲದ ದಾರಿ ಅಂದಿನಿಂದ ಹುಬ್ಬಳ್ಳಿಯ ಹುಡುಗರ ಜೇಬಿನಲ್ಲಿದೆ. ‘ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ’ ಎನ್ನುತ್ತಿದ್ದರು ಹಿಂದಿನವರು. ಯಾಣಕ್ಕೆ ರಸ್ತೆ, ಮೆಟ್ಟಿಲು ಎಲ್ಲ ಬಂದ ಮೇಲೆ ಸೊಕ್ಕು ನಮ್ಮ ಕಡೆಗೆ ತಿರುಗಿದೆ.

ಕಳೆದ ಆಷಾಢದ ಸಂಗತಿ ಹೇಳುತ್ತೇನೆ. ಪುನರ್ವಸು ಮಳೆ ಬಿಡದೆ ಹೊಡೆಯುತ್ತಿತ್ತು. ಸಂಜೆ ಏಳಕ್ಕೆ ಹಾಲು ಕರೆಯುತ್ತಿದ್ದಾಗ ಇಬ್ಬರು ಹುಡುಗರು ನಡುಗುತ್ತಾ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತರು. ಕಾಲ ತುಂಬ ರಕ್ತ ಹೀರುವ ಉಂಬಳ, ಒಬ್ಬನಿಗೆ ಚಪ್ಪಲಿಯೂ ಇಲ್ಲ. ಮೂರನೆಯವನು ಕವಲಿನಲ್ಲಿ ಬಲಕ್ಕೆ ತಿರುಗಿ, ಜಾರಿ, ದರೆಯ ಕೆಳಗೆ ಬಿದ್ದಿದ್ದ. ನಾನು, ಪಕ್ಕದ ಮನೆಯ ಅಣ್ಣತಮ್ಮಂದಿರು ಬ್ಯಾಟರಿ ಹಿಡಿದು ಹೋದೆವು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ಕೈಗೆ ಸಿಕ್ಕ ಒಂದು ಗಳ ಕಡಿದು, ನನ್ನ ಕಂಬಳಿಯ ಎರಡೂ ತುದಿ ಅದಕ್ಕೆ ಬಿಗಿದು, ಜೋಲಿ ಮಾಡಿ ಹೊತ್ತೆವು. ಹಳ್ಳಕ್ಕೆ ಇದ್ದದ್ದು ಎರಡು ಅಡಿಕೆ ಮರದ ಸಂಕ. ಅದರಲ್ಲಿ ಒಂದು ಲಡ್ಡು, ಅಂದರೆ ಕೊಳೆತದ್ದು. ನೀರು ಸಂಕವನ್ನು ಮುಟ್ಟುತ್ತಿತ್ತು. ಸಂಕದ ಮೇಲೆ ಕಾಲು ಇಳಿಬಿಟ್ಟು ಕುಳಿತು, ಗೇಣು ಗೇಣಾಗಿ ಸರಿಯುತ್ತಾ ಜೋಲಿಯನ್ನು ದಾಟಿಸಿದೆವು. ಆ ಹುಡುಗ ಉದ್ದಕ್ಕೂ ‘ಸಾರಿ ಅಂಕಲ್, ಸಾರಿ ಅಂಕಲ್’ ಎನ್ನುತ್ತಿದ್ದ. ಬೈಯಬೇಕೆಂದು ಬಾಯಿಗೆ ಬಂದಿತ್ತು, ಉಸಿರು ಸಾಲಲಿಲ್ಲ. ರಸ್ತೆ ಮುಟ್ಟಿದಾಗ ರಾತ್ರಿ ಹನ್ನೊಂದೂವರೆ. ಅಂದಿನಿಂದ ನನ್ನ ಬಲ ಹೆಗಲು ಸರಿಯಾಗಿ ಏಳುವುದಿಲ್ಲ. ಈ ವರ್ಷ ಅಡಿಕೆಯ ಕೊನೆಕೊಯ್ಲಿನಲ್ಲಿ ಹಗ್ಗ ಹಿಡಿಯಲು ಆಳು ಕರೆದೆ. ಅರವತ್ತಕ್ಕೆ ಹತ್ತಿರ ಬಂದವನಿಗೆ ಅದೇನು ಹೊಸತಲ್ಲ, ಬಿಡಿ.

ಎಂಟು ದಿನ ಕಳೆದು ನಿಮ್ಮ ಸಿಬ್ಬಂದಿ ಬಂದರು. ಹುಡುಗ ಹೇಗಿದ್ದಾನೆ ಎಂದು ಕೇಳಲು ಬಂದವರೆಂದು ಕುಡಿಯಲು ಮಜ್ಜಿಗೆ ಕೊಟ್ಟೆ. ಅವರು ಕೇಳಿದ್ದು ಗಳವನ್ನು. ಅದು ಹೊನ್ನೆಯ ಮರಿಯಂತೆ. ಕತ್ತಲಲ್ಲಿ ಅದರ ಗೋತ್ರ ಕೇಳದೆ ಕಡಿದದ್ದು ನನ್ನ ತಪ್ಪೇ. 1963ರ ಕರ್ನಾಟಕ ಅರಣ್ಯ ಕಾಯ್ದೆ ಎಂದು ಹೇಳಿ ಮಹಜರು ಬರೆದರು. ಅಷ್ಟರಲ್ಲಿ ನಾವು ಲಡ್ಡು ಮರವನ್ನು ತೆಗೆದು ನಮ್ಮದೇ ತೋಟದ ಹೊಸ ಅಡಿಕೆ ಮರ ಹಾಕಿದ್ದೆವು, ಜಾರುವ ಕಡೆ ನಾಲ್ಕು ಕಲ್ಲು ಕೂರಿಸಿದ್ದೆವು. ಅದು ‘ಅನಧಿಕೃತ ಕಾಮಗಾರಿ’. ಇಲ್ಲದ ದಾರಿಯ ಮೇಲೆ ಕಾಮಗಾರಿ ಮಾತ್ರ ಇರುವುದು ಹೇಗೆ, ಸ್ವಾಮಿ? ಕಾಯ್ದೆ ಓದಿದವರು ನೀವು, ತಿಳಿಸಿ.

ದಾರಿ ಸರಿ ಮಾಡಿದರೆ ಇನ್ನಷ್ಟು ಜನ ಬರುತ್ತಾರೆ ಎಂದು ನಿಮ್ಮವರು ಹೇಳಿದರು. ಬರುವವರು ಬಂದಾಗಿದೆ. ಕವಲಿನ ಆಚೆ ಹೋದ ವರ್ಷ ಒಂದು ಧೂಪದ ಮರ ದಾರಿಗೆ ಅಡ್ಡ ಬಿತ್ತು. ಅದನ್ನು ಕೊಯ್ದು ಸರಿಸುವುದು ಅರ್ಧ ದಿನದ ಕೆಲಸ. ಸರಿಸಲಿಲ್ಲ, ಈಗ ಅದರ ಸುತ್ತ ಮೂರು ದಾರಿಗಳಾಗಿವೆ, ಸಸಿಗಳೆಲ್ಲ ಕಾಲಡಿ ಸಿಕ್ಕು ಹೋಗಿವೆ, ಮಳೆಯ ನೀರು ಮೂರರಲ್ಲೂ ಇಳಿದು ಒಂದು ಮೊಣಕಾಲುದ್ದ ಕೊರಕಲಾಗಿದೆ. ಅಡ್ಡ ಕಲ್ಲು ಇಟ್ಟು ನೀರು ತಿರುಗಿಸುವುದು ತೋಟ ಮಾಡಿದ ಯಾರಿಗೂ ಗೊತ್ತು. ಕಾಡು ಉಳಿಸಲೆಂದೇ ದಾರಿ ಬಿಟ್ಟಿದ್ದರೆ, ಉಳಿದದ್ದು ಯಾವುದು, ತೋರಿಸಿ. ಚಳಿಗಾಲ ಮುಗಿಯುವ ಹೊತ್ತಿಗೆ ಎರಡೂ ಕಡೆಯ ಪೊದೆ ಮೈಗೆ ತಾಗುತ್ತದೆ, ಉಣುಗು ಹತ್ತುತ್ತದೆ. ಆ ಉಣುಗಿನಿಂದಲೇ ಹರಡುವ ಮಂಗನ ಕಾಯಿಲೆ 1957ರಲ್ಲಿ ಮೊದಲು ಪತ್ತೆಯಾದ ಕ್ಯಾಸನೂರು ಇರುವುದು ಪಕ್ಕದ ಸೊರಬ ತಾಲೂಕಿನಲ್ಲಿ, ಬೇರೆ ದೇಶದಲ್ಲಲ್ಲ.

ಎಲ್ಲ ದಾರಿಯನ್ನೂ ತೆರೆಯಿರಿ ಎನ್ನುವವನು ನಾನಲ್ಲ. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಮರಗಳ ಜೌಗು ಜಡ್ಡಿಯೊಳಗೆ, ಸಿಂಗಳೀಕ ಮರಿ ಹಾಕುವ ಕಡೆ ಯಾರೂ ಹೋಗದಂತೆ ಬೇಲಿ ಹಾಕಿ. ಗೂಟ ನೆಡಲು ನಾನೂ ಬರುತ್ತೇನೆ, ಎಡ ಹೆಗಲು ಇನ್ನೂ ಗಟ್ಟಿಯಿದೆ. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಜನಜಾತ್ರೆಯಾದ ಮೇಲೆ ಚಾರಣಕ್ಕೆ ಆನ್‌ಲೈನ್ ಬುಕಿಂಗ್ ಬೇಕು ಎಂದಿರಿ, ಒಳ್ಳೆಯದೇ ಆಯಿತು. ಆದರೆ ಟಿಕೆಟ್ ಇಲ್ಲದ ಕಡೆ ಕಾಲೂ ಮುರಿಯುವುದಿಲ್ಲ ಎಂದು ನೀವು ತಿಳಿದುಕೊಂಡಂತಿದೆ.

ಇನ್ನೊಮ್ಮೆ ಕೇಳುತ್ತೇನೆ. ದಾರಿ ಸವರಿಸಿ, ಸಂಕ ಹಾಕಿಸಿ, ಬಾಣ ನೆಡಿಸಿ. ಹಣವಿಲ್ಲ ಎಂದಾದರೆ ಒಂದು ಕಾಗದ ಕೊಡಿ, ನಾವೇ ಮಾಡುತ್ತೇವೆ. ಅಡಿಕೆ ಮರ ನಮ್ಮದು, ಕತ್ತಿ ನಮ್ಮದು, ಮಜ್ಜಿಗೆಯೂ ನಮ್ಮದೇ. ಆರಿದ್ರಾ ಮಳೆ ಹಿಡಿಯುವ ಮೊದಲು ಆಗಬೇಕು.

ಮತ್ತೆ, ಆ ಗಳದ ವಿಷಯ. ಜಪ್ತಿ ಮಾಡಿದ ಮೇಲೆ ಅದನ್ನು ಹೊತ್ತೊಯ್ಯಲು ದಾರಿ ಸರಿಯಿಲ್ಲ ಎಂದು ನಿಮ್ಮವರು ಸುಣ್ಣದಲ್ಲಿ ನಂಬರು ಬರೆದು ನನ್ನ ಕೊಟ್ಟಿಗೆಯಲ್ಲೇ ಒರಗಿಸಿ, ಕಾಯ್ದುಕೊಂಡಿರಲು ಹೇಳಿ ಹೋದರು. ಅದಕ್ಕೆ ಈಗ ಮರ ಕೊರೆಯುವ ಕುಟ್ಟೆ ಹುಳ ಹಿಡಿದಿದೆ, ದಿನವೂ ಬೆಳಿಗ್ಗೆ ದನದ ಬೆನ್ನ ಮೇಲೆ ಹಿಟ್ಟು ಉದುರಿರುತ್ತದೆ. ನಂಬರು ಅರ್ಧ ಅಳಿಸಿದೆ. ಯಾವಾಗ ಒಯ್ಯುತ್ತೀರಿ, ತಿಳಿಸಿ.

ಇಂತಿ,
ದಾರಿಯ ಮೇಲಿನ ಮನೆಯವನು