"ಮುಂದೆ ಎಂತ?" ಎಂದು ಕೇಳಿದ ಗೆಳೆಯನಿಗೆ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಕಲಾಶಾಲೆಯ ಜ್ಯೂರಿಯಲ್ಲಿ, ಅಂದರೆ ಕೆಲಸ ನೋಡಿ ಅಂಕ ಕೊಡುವ ಪರೀಕ್ಷೆಯಲ್ಲಿ, ಅಂಕ ಕಡಿಮೆ ಬಂದದ್ದು, ಚೌತಿಗೆ ಬಂದ ನೆಂಟರೆಲ್ಲ "ಚಿತ್ರ ಬಿಡಿಸಿದ್ರೆ ಹೊಟ್ಟೆ ತುಂಬ್ತದಾ?" ಎಂದು ಕೇಳಿದ್ದು, ಪಿಯುಸಿಯಲ್ಲಿ ಪಕ್ಕದಲ್ಲಿ ಕೂತವರು ಮಣಿಪಾಲದಲ್ಲಿ ಕೆಲಸಕ್ಕೆ ಸೇರಿದ್ದು, ಕೊನೆಗೆ "ನನಗೆ ಕೈ ಉಂಟು, ದಾರಿ ಇಲ್ಲ" ಎಂಬ ಒಂದು ಸಾಲು. ಆ ಸಾಲಿಗೇ ಉತ್ತರ ಬರೆಯುತ್ತಿದ್ದೇನೆ. ಸಮಾಧಾನ ಹೇಳುವವರು ಬೇಕಾದಷ್ಟು ಜನ ಇದ್ದಾರೆ, ನಾನು ಕೆಲಸದ ಮಾತಿಗೇ ಬರುತ್ತೇನೆ.

ಇಲಸ್ಟ್ರೇಟರ್ ಆಗಲಾ, ಆನಿಮೇಶನ್‌ಗೆ ಹೋಗಲಾ, ಟೀಚರ್ ಆಗಲಾ ಎಂದು ಕೇಳಿದ್ದಿ. ಇವೆಲ್ಲ ಬರೀ ಹೆಸರುಗಳು ಮಾರಾಯ. ಆ ಕೆಲಸ ಮಾಡುವವರ ಒಂದು ದಿನ ಹೇಗೆ ಕಳೆಯುತ್ತದೆ ಎಂದು ನೋಡು. ಮಕ್ಕಳ ಪುಸ್ತಕಕ್ಕೆ ಚಿತ್ರ ಮಾಡುವವರು ಒಬ್ಬಳೇ ಹುಡುಗಿಯನ್ನು ಮೂವತ್ತು ಸಲ ಬಿಡಿಸುತ್ತಾರೆ, ಮೂವತ್ತರಲ್ಲೂ ಅದೇ ಮೂಗು, ಅದೇ ಜಡೆ ಇರಬೇಕು. ರಂಗಸಜ್ಜಿಕೆಯವರ ದಿನ ಅಳತೆ ಟೇಪು, ಪ್ಲೈವುಡ್, ಬಡಗಿಯ ಜೊತೆ ಮಾತು, ಸೆಟ್ ಟೆಂಪೋದಲ್ಲಿ ಹಿಡಿಸುವ ಹಾಗೆ ಎಲ್ಲಿ ತುಂಡು ಮಾಡುವುದು ಎಂಬ ಲೆಕ್ಕದಲ್ಲೇ ಮುಗಿಯುತ್ತದೆ. ಆಪ್ ವಿನ್ಯಾಸ ಮಾಡುವವರು ಬಿಡಿಸುವುದಕ್ಕಿಂತ ಹೆಚ್ಚು ಹೊತ್ತು, ಬಳಸುವವರ ಬೆರಳು ಎಲ್ಲಿ ತಡವರಿಸುತ್ತದೆ ಎಂದು ನೋಡುತ್ತಾ ಕೂರುತ್ತಾರೆ. ಶಾಲೆಯ ಡ್ರಾಯಿಂಗ್ ಟೀಚರಿಗೆ ಒಂದು ಪಿರಿಯಡ್ಡಿನಲ್ಲಿ ತರಗತಿ ತುಂಬ ಮಕ್ಕಳು, ನೀರು ಚೆಲ್ಲಿದ ಡೆಸ್ಕು, ಬಣ್ಣ ತಾರದೆ ಬಂದ ನಾಲ್ಕು ಮಂದಿ. ಇವುಗಳಲ್ಲಿ ಯಾವ ಬೇಸರವನ್ನು ನೀನು ದಿನಾ ತಡೆದುಕೊಳ್ಳಬಲ್ಲೆ? ನಿನ್ನ ದಾರಿ ಯಾವುದೆಂದು ತಿಳಿಯುವುದು ಈ ಪ್ರಶ್ನೆಯಿಂದಲೇ.

ಅದಕ್ಕೊಂದು ಉಪಾಯ ಉಂಟು. ಎರಡು ವಾರ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಡು: ಇವತ್ತು ಎಷ್ಟು ಹೊತ್ತು, ಯಾವ ಕೆಲಸ, ಎಲ್ಲಿ ಕೈ ನಿಂತಿತು, ಯಾವಾಗ ಊಟದ ಹೊತ್ತು ಮರೆತೇ ಹೋಯಿತು. "ಪೇಂಟಿಂಗ್ ಮಾಡಿದೆ" ಎಂದು ಬರೆದರೆ ಪ್ರಯೋಜನ ಇಲ್ಲ. ವಿಷಯ ಹುಡುಕಿದ್ದಾ, ರೇಖೆ ಹಾಕಿದ್ದಾ, ಬಣ್ಣ ಬೆರೆಸಿದ್ದಾ, ಯಾರಿಗಾದರೂ ವಿವರಿಸಿದ್ದಾ ಎಂದು ಬಿಡಿಸಿ ಬರೆ. ಬಣ್ಣ ತುಂಬುವಾಗ ಬೇಸರ ಬಂದು, ಸ್ಥಳಕ್ಕೆ ಹೋಗಿ ಸ್ಕೆಚ್ ಮಾಡುವಾಗ ಮೂರು ಗಂಟೆ ಸರಿದದ್ದೇ ಗೊತ್ತಾಗದಿದ್ದರೆ, ಆ ಮಾಹಿತಿ ನಿನ್ನ ಅಂಕಪಟ್ಟಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ.

ಇನ್ನು ಪೋರ್ಟ್‌ಫೋಲಿಯೋ, ಅಂದರೆ ಕೆಲಸ ಕೇಳುವಾಗ ತೋರಿಸುವ ನಿನ್ನ ಆಯ್ದ ಚಿತ್ರಗಳ ಕಟ್ಟು. ನೀನು ಕಳಿಸಿದ ಫೈಲಿನಲ್ಲಿ ನಲವತ್ತೆರಡು ಚಿತ್ರ ಉಂಟು, ಅದರಲ್ಲಿ ಹನ್ನೊಂದು ಸಿನಿಮಾ ನಟರ ಪೆನ್ಸಿಲ್ ಭಾವಚಿತ್ರ. ಅವನ್ನು ತೆಗೆದುಬಿಡು. ಚೆನ್ನಾಗಿಲ್ಲವೆಂದಲ್ಲ. ಇನ್ನೊಬ್ಬರು ತೆಗೆದ ಫೋಟೋ ನೋಡಿ ಮಾಡಿದ ಚಿತ್ರದಲ್ಲಿ ಬೆಳಕು, ಕೋನ, ಭಾವ ಎಲ್ಲವನ್ನೂ ಫೋಟೋ ತೆಗೆದವರೇ ನಿರ್ಧರಿಸಿ ಆಗಿರುತ್ತದೆ, ನೋಡುವವರಿಗೆ ನಿನ್ನ ತಾಳ್ಮೆ ಕಾಣುತ್ತದೆ, ನಿನ್ನ ಕಣ್ಣು ಕಾಣುವುದಿಲ್ಲ. ಮಲ್ಪೆಯ ಮೀನುಗಾರಿಕಾ ಧಕ್ಕೆಯಲ್ಲಿ ನಿಂತೇ ಮಾಡಿದ ಆ ಸ್ಕೆಚ್ಚುಗಳನ್ನು ಕೊನೆಯ ಪುಟಕ್ಕೆ ತಳ್ಳಿದ್ದಿ. ಬುಟ್ಟಿ ಹೊತ್ತ ಹೆಂಗಸಿನ ಕುತ್ತಿಗೆಯ ಬಿಗಿ ಎರಡೇ ಗೆರೆಯಲ್ಲಿ ಬಂದಿದೆಯಲ್ಲ, ಅದು ಮೊದಲ ಪುಟಕ್ಕೆ ಬರಬೇಕು.

ಒಟ್ಟು ಹನ್ನೆರಡರಿಂದ ಹದಿನೈದು ಕೆಲಸ ಸಾಕು. ನೋಡುವವರು ಮೊದಲ ಮೂರು ಪುಟದಲ್ಲೇ ಒಂದು ತೀರ್ಮಾನಕ್ಕೆ ಬಂದಿರುತ್ತಾರೆ, ನಡುವೆ ಒಂದು ಸಪ್ಪೆ ಚಿತ್ರ ಬಂದರೆ ಹಿಂದಿನ ಒಳ್ಳೆಯದನ್ನೂ ಅನುಮಾನದಿಂದ ನೋಡುತ್ತಾರೆ. ಪ್ರತಿ ಚಿತ್ರದ ಕೆಳಗೆ ಒಂದೇ ಸಾಲು: ಮಾಧ್ಯಮ, ಅಳತೆ, ವರ್ಷ. ಒಂದು ಕೆಲಸವನ್ನಾದರೂ ನಾಲ್ಕು ಪುಟದಲ್ಲಿ ಬಿಚ್ಚಿ ತೋರಿಸು, ಮೊದಲ ಗೀಚಿನಿಂದ ಹಿಡಿದು ಕೈಬಿಟ್ಟ ಎರಡು ಪ್ರಯತ್ನ, ಬಣ್ಣದ ಪರೀಕ್ಷೆ, ಕೊನೆಯ ರೂಪದವರೆಗೆ. ಸ್ಟುಡಿಯೋದವರು ಕೈಬಿಟ್ಟ ಪ್ರಯತ್ನವನ್ನೇ ಹೆಚ್ಚು ಹೊತ್ತು ನೋಡುತ್ತಾರೆ, ತಿದ್ದಲಿಕ್ಕೆ ಹೇಳಿದರೆ ನೀನು ತಿದ್ದಬಲ್ಲೆಯಾ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಫೋಟೋಗಳನ್ನು ಮತ್ತೆ ತೆಗೆಯಬೇಕು. ಈಗಿನವುಗಳಲ್ಲಿ ಒಂದು ಬದಿ ಹಳದಿ, ಇನ್ನೊಂದು ಬದಿ ನೀಲಿ. ಕಿಟಕಿಯ ಬೆಳಕು, ಬಲ್ಬಿನ ಬೆಳಕು ಎರಡೂ ಬಿದ್ದರೆ ಹಾಗೇ ಆಗುವುದು. ಲೈಟ್ ಆರಿಸಿ, ಚಿತ್ರವನ್ನು ಜಗಲಿಯಲ್ಲಿ ಗೋಡೆಗೆ ನೇರ ನಿಲ್ಲಿಸು. ಈಗಿನ ಮೋಡದ ಬೆಳಕು ಇದಕ್ಕೆ ಬಹಳ ಒಳ್ಳೆಯದು, ನೆರಳು ಬೀಳುವುದಿಲ್ಲ, ತೈಲವರ್ಣದ ಮೇಲೆ ಹೊಳಪೂ ಬರುವುದಿಲ್ಲ. ಫೋನಿನ ಲೆನ್ಸು ಚಿತ್ರದ ನಡುಮಧ್ಯದ ಎತ್ತರಕ್ಕೆ ಇರಲಿ. ಹತ್ತಿರ ಹೋಗಿ ತೆಗೆದರೆ ಅಂಚುಗಳು ಉಬ್ಬುತ್ತವೆ. ಎರಡು ಹೆಜ್ಜೆ ಹಿಂದೆ ಸರಿದು 2 ಪಟ್ಟು ಜೂಮ್ ಹಾಕು. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟಿದ್ದರೆ ಆಮೇಲೆ ಬಣ್ಣ ಸರಿಮಾಡುವುದು ಸುಲಭ. ಪಿಡಿಎಫ್ 10 ಎಂಬಿ ದಾಟಬಾರದು, ಫೈಲಿಗೆ ನಿನ್ನ ಹೆಸರೇ ಇರಲಿ. "ಫೈನಲ್ ನ್ಯೂ 3" ಎಂದು ಕಳಿಸಿದರೆ ನಾಳೆ ಅವರಿಗೆ ಹುಡುಕಲಿಕ್ಕೇ ಸಿಗುವುದಿಲ್ಲ.

ಯಾವ ಕಡೆ ಕಳಿಸುತ್ತೀಯೋ ಅದಕ್ಕೆ ತಕ್ಕ ಒಂದು ಕೆಲಸ ಒಳಗಿರಲಿ. ಪ್ರಕಾಶಕರಿಗಾದರೆ ಒಂದೇ ಪಾತ್ರ ಬರುವ ಎಂಟು ಚಿತ್ರ. ರಂಗಭೂಮಿಗಾದರೆ 1:25 ಅಳತೆಯ ರಟ್ಟಿನ ಮಾದರಿ. ಆಪ್ ವಿನ್ಯಾಸದ ಕಡೆಗಾದರೆ ಉಡುಪಿಯ ಸಿಟಿ ಬಸ್ ನಿಲ್ದಾಣಕ್ಕೆ ಹೋಗಿ, ಹೊರಗಿನಿಂದ ಬಂದವರು ಮಣಿಪಾಲದ ಬಸ್ ಹುಡುಕಲು ಏನೇನು ಪಾಡು ಪಡುತ್ತಾರೆ ಎಂದು ಒಂದು ಗಂಟೆ ನೋಡಿ, ಅಲ್ಲಿಗೊಂದು ಫಲಕ ಮಾಡಿ ತೋರಿಸು.

ಇದಿಷ್ಟು ಕಾಗದದ ಕೆಲಸ. ಆದರೆ ಒಬ್ಬರು ದುಡ್ಡು ಕೊಡುವ ಒಂದು ಕೆಲಸವನ್ನು ಶುರುವಿನಿಂದ ಕೊನೆಯವರೆಗೆ ನೀನೇ ಮುಗಿಸದೆ ಏನೂ ಖಚಿತವಾಗುವುದಿಲ್ಲ. ಶಾಲೆಯವರು ಗೋಡೆಗೆ ಚಿತ್ರ ಮಾಡಿಕೊಡು ಎಂದು ಕೇಳಿದ್ದಾರೆಂದು ಬರೆದಿದ್ದಿ, "ಅದೆಲ್ಲ ಕಲೆಯಾ" ಎಂದೂ ಬರೆದಿದ್ದಿ. ಒಪ್ಪಿಕೋ. ಅಳತೆ, ಲೆಕ್ಕ, ಹವೆ, ಗಿರಾಕಿ ಎಲ್ಲವೂ ಒಂದೇ ಕಡೆ ಸಿಗುವ ಕೆಲಸ ಅದು.

ಆದರೆ ಈಗಲೇ ಬ್ರಷ್ ಹಿಡಿಯಬೇಡ, ನವೆಂಬರ್ ಬರಲಿ. ನಮ್ಮ ಕೆಂಪುಕಲ್ಲಿನ ಗೋಡೆ ಮಳೆಗಾಲದಲ್ಲಿ ಕುಡಿದ ನೀರನ್ನು ಬಿಡಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಒದ್ದೆ ಗೋಡೆಗೆ ಬಣ್ಣ ಹಚ್ಚಿದರೆ ಒಳಗಿನ ನೀರು ಹೊರಗೆ ಬರುವಾಗ ಉಪ್ಪನ್ನೂ ಎಳೆದು ತರುತ್ತದೆ. ಬಿಳಿ ಪುಡಿ ಏಳುತ್ತದೆ, ಆಮೇಲೆ ಬಣ್ಣ ಗುಳ್ಳೆಯಾಗಿ ಸಿಪ್ಪೆ ಎದ್ದು ಬರುತ್ತದೆ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕು ಅಂಚಿಗೂ ಟೇಪು ಹಾಕಿ ಗೋಡೆಗೆ ಅಂಟಿಸಿ ಒಂದು ದಿನ ಬಿಡು. ಮರುದಿನ ಒಳಬದಿಯಲ್ಲಿ ಹನಿ ಕಂಡರೆ ಇನ್ನೂ ಕಾಯಬೇಕು. ಹೊಸ ಗಾರೆಯಾದರೆ ಕಡಿಮೆಯೆಂದರೂ 28 ದಿನ ಕಳೆಯಲಿ. ಪಾಚಿ ಇದ್ದಲ್ಲಿ ಬ್ಲೀಚಿಂಗ್ ಪುಡಿಯ ನೀರು ಹಾಕಿ ತಂತಿ ಬ್ರಷ್ಷಿನಿಂದ ಉಜ್ಜಿ, ತೊಳೆದು, ಪೂರ್ತಿ ಒಣಗಿಸು. ಪಾಚಿಯ ಮೇಲೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಬಳಿದು ಮುಚ್ಚಿದರೆ ಮುಂದಿನ ಜುಲೈಗೆ ಅದು ಚಿತ್ರವನ್ನು ಸೀಳಿಕೊಂಡು ಮೇಲೆ ಬರುತ್ತದೆ. ಪಡುವಣ ಗೋಡೆ ಕೊಟ್ಟರೆ, ಬೇರೆ ಉಂಟಾ ಎಂದು ಕೇಳು. ನಮ್ಮಲ್ಲಿ ಮಳೆ ಹೊಡೆಯುವುದೂ ಆ ಕಡೆಯಿಂದಲೇ, ಸಂಜೆಯ ಬಿಸಿಲೂ ಅಲ್ಲಿಗೇ. ನೆಲದಿಂದ ಒಂದಡಿ ಎತ್ತರಕ್ಕೆ ಮಾಡಿನ (ಸೂರಿನ) ನೀರು ಬಿದ್ದು ಕೆಸರು ಸಿಡಿಯುತ್ತದೆ, ಅಲ್ಲಿ ಮುಖವನ್ನೋ ಅಕ್ಷರವನ್ನೋ ತರಬೇಡ, ಗಾಢ ಬಣ್ಣದ ಪಟ್ಟಿ ಬಿಡು.

20 ಅಡಿಗೆ 10 ಅಡಿ, ಅಂದರೆ 200 ಚದರಡಿ ಗೋಡೆ ಎಂದುಕೊಳ್ಳೋಣ. ಹೊರಗೋಡೆಯ ಪ್ರೈಮರ್ ಒಂದು ಸಲ ಬಳಿಯಲು ಸುಮಾರು 2 ಲೀಟರ್, ಬಿಳಿ ಎಮಲ್ಷನ್ (ನೀರಿನಲ್ಲಿ ಬೆರೆಯುವ ಗೋಡೆ ಬಣ್ಣ) ಎರಡು ಸಲ ಬಳಿಯಲು ಸುಮಾರು 4 ಲೀಟರ್ ಬೇಕು. ಗೋಡೆ ಒರಟಾಗಿದ್ದರೆ ಇನ್ನೂ ಒಂದು ಲೀಟರ್ ಹೆಚ್ಚು. ತಿಳಿ ಬಣ್ಣಗಳನ್ನು ಸ್ಟೈನರ್ (ಬಿಳಿಗೆ ಬೆರೆಸುವ ಗಟ್ಟಿ ಬಣ್ಣದ ದ್ರವ) ಹಾಕಿ ನೀನೇ ಬೆರೆಸಬಹುದು. ಲೀಟರಿಗೆ 40–50 ಮಿ.ಲೀ. ದಾಟಿ ಸ್ಟೈನರ್ ಸುರಿದರೆ ಬಣ್ಣ ಸರಿಯಾಗಿ ಒಣಗುವುದಿಲ್ಲ, ಕೈಗೆ ಅಂಟುತ್ತದೆ. ಅದಕ್ಕಾಗಿ ಗಾಢ ಕೆಂಪು, ಗಾಢ ನೀಲಿ ಪೇಂಟ್ ಅಂಗಡಿಯ ಮೆಷಿನ್ನಿನಲ್ಲೇ ಆಗಲಿ.

ದುಡ್ಡಿನ ಲೆಕ್ಕ ಹೀಗೆ ಹಾಕು. ಹತ್ತು ದಿನದ ಕೆಲಸ. ನಿನ್ನ ದಿನಕ್ಕೆ 1,500 ರೂಪಾಯಿ ಎಂದರೆ 15,000. ಸಾಮಾನಿಗೆ 6,000, ಸಹಾಯಕನಿಗೆ ಐದು ದಿನಕ್ಕೆ 4,000, ಹತ್ತಿ ನಿಲ್ಲುವ ಅಟ್ಟಳಿಗೆ ಮತ್ತು ಸಾಗಾಟಕ್ಕೆ 2,000. ಒಟ್ಟು 27,000. ಎಣಿಸದ ಖರ್ಚಿಗೆ ನೂರಕ್ಕೆ ಹತ್ತು ಸೇರಿಸಿದರೆ 29,700, ಚದರಡಿಗೆ ಹತ್ತಿರಹತ್ತಿರ 150. ಇವು ಉದಾಹರಣೆಯ ಅಂಕಿಗಳು, ನಿನ್ನ ಊರಿನ ದರ ಕೇಳಿ ತುಂಬಿಕೋ. "ಹೇಗೂ ಕಲಿಯುವ ಹುಡುಗ" ಎಂದು ಅವರು ಚದರಡಿಗೆ 60 ಎಂದರೆ ಬರುವುದು 12,000. ಸಾಮಾನು, ಸಹಾಯಕ, ಅಟ್ಟಳಿಗೆ ಸೇರಿದರೆ ಅದೂ 12,000. ನಿನ್ನ ಹತ್ತು ದಿನಕ್ಕೆ ಸೊನ್ನೆ. ಕಲೆಯವರು ನಷ್ಟ ಮಾಡಿಕೊಳ್ಳುವುದು ಹೆಚ್ಚಾಗಿ ಇಲ್ಲೇ. ಲೆಕ್ಕ ಹಾಕದೆ ಬಾಯಿಗೆ ಬಂದ ದರ ಹೇಳುತ್ತಾರೆ, ಅರ್ಧಕ್ಕೆ ಬಂದಾಗ ಕೈಯಿಂದ ಹಾಕಬೇಕಾಗುತ್ತದೆ, ಕೆಲಸದ ಮೇಲೆಯೇ ಜಿಗುಪ್ಸೆ ಹುಟ್ಟುತ್ತದೆ. ಅದನ್ನೇ "ನನಗೆ ಇದು ಆಗುವುದಿಲ್ಲ" ಎಂದು ಅರ್ಥ ಮಾಡಿಕೊಳ್ಳುತ್ತಾರೆ.

ಅರ್ಧ ಹಣ ಮುಂಗಡ ಬರದೆ ಅಂಗಡಿಗೆ ಹೋಗಬೇಡ. ಬದಲಾವಣೆ ಏನಿದ್ದರೂ ಕಾಗದದ ಸ್ಕೆಚ್ಚಿನಲ್ಲಿ, ಅದೂ ಎರಡು ಸಲ. ಗೋಡೆಗೆ ಗೆರೆ ಬಿದ್ದ ಮೇಲೆ ಬೇರೆ ಲೆಕ್ಕ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಹಕ್ಕಿನ ಬಗ್ಗೆಯೂ ಒಂದು ಸಾಲು ಅದರಲ್ಲಿ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಬರೆಸಿಕೊಂಡ ಪೇಂಟಿಂಗ್ ಅಥವಾ ಭಾವಚಿತ್ರದ ಮೊದಲ ಹಕ್ಕುದಾರರು ಬರೆಸಿದವರೇ, ಬೇರೆ ಒಪ್ಪಂದ ಇಲ್ಲದಿದ್ದರೆ. ಬಹಳ ಕಲಾವಿದರು ಇದು ತಿರುಗಾಮುರುಗಾ ಇದೆ ಎಂದು ತಿಳಿದುಕೊಂಡಿದ್ದಾರೆ. ಆದ್ದರಿಂದ "ಕೃತಿಸ್ವಾಮ್ಯ ಕಲಾವಿದರದ್ದು, ಈ ಗೋಡೆಯಲ್ಲಿ ಪ್ರದರ್ಶಿಸುವ ಹಕ್ಕು ಶಾಲೆಯದ್ದು" ಎಂದು ಬರೆಸಿಕೋ.

ಗೋಡೆ ಮುಗಿದ ಮೇಲೆ ಆ ಸಣ್ಣ ಪುಸ್ತಕ ಮತ್ತೆ ತೆರೆದು ನೋಡು. ಅಟ್ಟಳಿಗೆಯ ಮೇಲಿನ ದಿನಗಳು ಹಿಡಿಸಿದವಾ, ಗಿರಾಕಿಯ ಜೊತೆ ಮಾತಾಡುವುದು ಹಿಂಸೆಯಾಯಿತಾ, ನೋಡಲು ಬಂದ ಮಕ್ಕಳಿಗೆ ಬಣ್ಣ ಬೆರೆಸುವುದನ್ನು ತೋರಿಸಿದ ಗಳಿಗೆ ಎಲ್ಲಕ್ಕಿಂತ ಒಳ್ಳೆಯದಿತ್ತಾ? ಮಕ್ಕಳದ್ದೇ ಮೇಲಾದರೆ ಕಲಿಸುವ ಕೆಲಸವನ್ನು ಕೀಳಾಗಿ ನೋಡಬೇಡ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಾರ ಕೆ.ಕೆ. ಹೆಬ್ಬಾರರು ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಕೆಲಕಾಲ ಅಲ್ಲೇ ಕಲಿಸಿದವರು. ಕಲಿಸಿದ್ದರಿಂದ ಅವರ ರೇಖೆ ಬಡವಾಗಲಿಲ್ಲ.

ಹಳೆಯ ಕೃತಿಗಳ ಸಂರಕ್ಷಣೆ ಎಂಬ ದಾರಿಯೂ ಉಂಟು, ಅದನ್ನು ನಮ್ಮಲ್ಲಿ ಯಾರೂ ಹೇಳಿಕೊಡುವುದಿಲ್ಲ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ಗೆ ಒಮ್ಮೆ ಹೋಗಿ ಅರ್ಧ ದಿನ ಕೂರು. ಆಂಟೋನಿಯೋ ಮೊಸ್ಕೇನಿ ಎಂಬ ಇಟಲಿಯ ಜೆಸುಯಿಟ್ ಸಹೋದರ 1899ರ ಹೊತ್ತಿಗೆ ಬಂದು ಬರೆದ ಭಿತ್ತಿಚಿತ್ರಗಳು ಅವು. ಕಡಲ ಹವೆಯಲ್ಲಿ ನೂರು ವರ್ಷ ದಾಟಿ ಅವು ಉಳಿದಿರುವುದರ ಹಿಂದೆ ಸಂರಕ್ಷಕರ ಕೈ ಉಂಟು. ನಿನ್ನಷ್ಟು ತಾಳ್ಮೆ ಇರುವವನು, ರಸಾಯನಶಾಸ್ತ್ರಕ್ಕೆ ಹೆದರದಿದ್ದರೆ, ಅದನ್ನು ಯೋಚಿಸಬೇಕು.

ಮುಂದೆ ಓದುವುದಾದರೆ ತಾರೀಕು ತಪ್ಪಿಸಿಕೊಳ್ಳಬೇಡ. ಎಂ.ಡೆಸ್.ಗೆ, ಅಂದರೆ ವಿನ್ಯಾಸದ ಸ್ನಾತಕೋತ್ತರ ಪದವಿಗೆ, ಬೇಕಾದ ಸೀಡ್ (CEED) ಪ್ರವೇಶ ಪರೀಕ್ಷೆಯನ್ನು ಐಐಟಿ ಬಾಂಬೆ ನಡೆಸುತ್ತದೆ. ಸಾಮಾನ್ಯವಾಗಿ ಅಕ್ಟೋಬರಿನಲ್ಲಿ ಅರ್ಜಿ, ಜನವರಿಯಲ್ಲಿ ಪರೀಕ್ಷೆ. ಪದವಿಯ ಕೊನೆಯ ವರ್ಷದವರೂ ಬರೆಯಬಹುದು. ಒಂದು ಗಂಟೆ ಕಂಪ್ಯೂಟರಿನಲ್ಲಿ, ಎರಡು ಗಂಟೆ ಕೈಯಲ್ಲಿ ಬಿಡಿಸಿ. ಕಲಾಶಾಲೆಯವರು ಸೋಲುವುದು ಹೆಚ್ಚಾಗಿ ಎರಡನೆಯ ಭಾಗದಲ್ಲಿ, ಮೊದಲ ಚಿತ್ರಕ್ಕೇ ಚೆಂದದ ಶೇಡಿಂಗ್ ಮಾಡುತ್ತಾ ಕೂತು ಕೊನೆಯ ಪ್ರಶ್ನೆಗೆ ಹೊತ್ತು ಇಲ್ಲದಾಗಿ. ಗಡಿಯಾರ ಇಟ್ಟುಕೊಂಡು ಇಪ್ಪತ್ತು ನಿಮಿಷಕ್ಕೊಂದು ಚಿತ್ರ ಅಭ್ಯಾಸ ಮಾಡು. ಎನ್‌ಐಡಿಗೆ (ರಾಷ್ಟ್ರೀಯ ವಿನ್ಯಾಸ ಸಂಸ್ಥೆ) ಅದರದ್ದೇ ಪರೀಕ್ಷೆ ಬೇರೆ. ರಂಗಸಜ್ಜಿಕೆ ಹಿಡಿಸಿದರೆ ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ರಂಗಶಿಕ್ಷಣ 1980ರಿಂದ ನಡೆಯುತ್ತಿದೆ. ದೂರವೂ ಇಲ್ಲ, ಕನ್ನಡದಲ್ಲೇ ಕಲಿಯಬಹುದು. ಅದಕ್ಕೆ ಮೊದಲು ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ ಒಂದು ರಾತ್ರಿ ಅವರ ಚೌಕಿಯಲ್ಲಿ (ವೇಷ ಕಟ್ಟುವ ಜಾಗ) ಕೇಳಿಕೊಂಡು ಕೂರು. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖಕ್ಕೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆಗಳ ಚುಟ್ಟಿ ಇಡುವವರ ಕೈ ನೋಡಿದರೆ ನಿನ್ನ ಸ್ಕೆಚ್ ಪುಸ್ತಕ ಅಲ್ಲೇ ತುಂಬುತ್ತದೆ.

ಬರುವ ಆದಿತ್ಯವಾರದೊಳಗೆ ಎರಡು ವಸ್ತು ಕಳಿಸು: ಹದಿನೈದು ಪುಟಕ್ಕೆ ಇಳಿಸಿದ ಪಿಡಿಎಫ್, ಮತ್ತು ಆ ಗೋಡೆಯ ಅಳತೆ. ಗೋಡೆ ಯಾವ ದಿಕ್ಕಿಗೆ ಮುಖ ಮಾಡಿದೆ, ಮಾಡು ಎಷ್ಟು ಹೊರಚಾಚಿದೆ, ಪಾಚಿ ಎಲ್ಲಿಯವರೆಗೆ ಏರಿದೆ ಎಂದೂ ಬರೆ. ಎಸ್ಟಿಮೇಟ್ ಒಟ್ಟಿಗೆ ಹಾಕೋಣ. ಅಮ್ಮನಿಗೆ ನಮಸ್ಕಾರ ಹೇಳು.

ನಿನ್ನ ಗೆಳೆಯ