ಶಹಾಬಾದ್ ಫರಸಿಯ ಮೇಲೆ ಕೋಡಿಂಗ್ ಆಟ

ಮಾನ್ಯ ಸಂಪಾದಕರೇ,

ನಾನು ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಲಿಕಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ನಮ್ಮ ತರಗತಿಯಲ್ಲಿ ಕಂಪ್ಯೂಟರ್ ಇಲ್ಲ. ನೆಲಕ್ಕೆ ಹಾಸಿದ ಶಹಾಬಾದ್ ಫರಸಿ ಇದೆ. ಅದರ ಮೇಲೆಯೇ ನಾವು ಕೋಡಿಂಗ್ ಆಡುತ್ತೇವೆ.

ಒಂದು ಮಗು ರೋಬೊ ಆಗುತ್ತದೆ. ಉಳಿದವರು ಬಾಣ ಬರೆದ ರಟ್ಟಿನ ಚೀಟಿಗಳನ್ನು ಸಾಲಾಗಿ ಇಡುತ್ತಾರೆ. ಮುಂದೆ ಒಂದು ಕಲ್ಲು, ಬಲಕ್ಕೆ ತಿರುಗು, ಮತ್ತೆ ಎರಡು ಕಲ್ಲು. ಹೇಳಿದಷ್ಟನ್ನೇ ರೋಬೊ ಮಾಡಬೇಕು. ಮೊನ್ನೆ ಕಸದ ಬುಟ್ಟಿಗೆ ಹೋಗಬೇಕಾದ ರೋಬೊ ಸೀದಾ ಗೋಡೆಗೆ ಹೋಗಿ ನಿಂತಿತು. ಚೀಟಿ ಇಟ್ಟ ಹುಡುಗಿ ತನ್ನ ಬಲಗೈ ನೋಡಿದ್ದಳು, ಎದುರಿಗಿದ್ದ ರೋಬೊನ ಬಲಗೈಯನ್ನಲ್ಲ. ನಾನು ಏನೂ ಹೇಳಲಿಲ್ಲ. ಅವಳೇ ಎದ್ದು ಹೋಗಿ ರೋಬೊ ಪಕ್ಕ ನಿಂತಳು. ಅದು ನೋಡುವ ಕಡೆಗೇ ತಿರುಗಿದಳು. ತಪ್ಪಿದ ಚೀಟಿ ಬದಲಿಸಿದಳು. ಆರು ವರ್ಷದ ಮಗು!

1967ರಲ್ಲಿ ಗಣಿತಜ್ಞ ಸೀಮರ್ ಪೇಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ಅದರ ಆಜ್ಞೆಗಳಿಂದ ಮಕ್ಕಳು ‘ಆಮೆ’ ಎಂಬ ಪುಟ್ಟ ರೋಬೊವನ್ನೋ ಪರದೆಯ ಮೇಲಿನ ಗುರುತನ್ನೋ ನಡೆಸುತ್ತಾರೆ. ಆಮೆಯನ್ನು ನಡೆಸಲು ನೀವೇ ಆಮೆಯಾಗಿ ನಡೆದು ನೋಡಿ ಎನ್ನುವುದೇ ಅವರ ದಾರಿ.

2016ರಿಂದ ಶಾಲೆಗಳಲ್ಲಿ ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್‌ಗಳು, ಅಂದರೆ ಮಕ್ಕಳು ಕೈಯಾರೆ ಮಾಡಿ ಕಲಿಯುವ ಪ್ರಯೋಗಾಲಯಗಳು ಬಂದಿವೆ. ಆದರೆ ಅವು 6ರಿಂದ 12ನೇ ತರಗತಿಯವರಿಗೆ. ಚಿಕ್ಕವರು ಅಲ್ಲಿಯವರೆಗೆ ಸುಮ್ನೆ ಯಾಕೆ ಕಾಯಬೇಕು? ಕಲಬುರಗಿ ಜಿಲ್ಲೆಯಲ್ಲಿ ಲ್ಯಾಬ್ ಇರುವ ಶಾಲೆಗಳು ತಿಂಗಳಿಗೊಂದು ಶನಿವಾರ ಅಕ್ಕಪಕ್ಕದ ಹಳ್ಳಿಗಳ ಚಿಕ್ಕ ಮಕ್ಕಳಿಗೂ ಬಾಗಿಲು ತೆರೆಯಲಿ. ಹೈಸ್ಕೂಲ್ ಮಕ್ಕಳೇ ಕಲಿಸಲಿ. ಬ್ಯಾಟರಿ ತಿರುವಿ ಹಾಕಿದರೆ ಪುಟ್ಟ ಮೋಟಾರ್ ಉಲ್ಟಾ ತಿರುಗುತ್ತದೆ, ಅಲ್ವಾ? ಅದನ್ನು ನಮ್ಮ ಮಕ್ಕಳೂ ಕೈಯಲ್ಲಿ ಹಿಡಿದು ನೋಡಲಿ.

– ಒಬ್ಬ ಶಿಕ್ಷಕಿ, ಚಿತ್ತಾಪುರ ತಾಲ್ಲೂಕು, ಕಲಬುರಗಿ ಜಿಲ್ಲೆ